ಹಾಡಿಗೊಂದು ಉತ್ಸವ ಮಾಡೋಣ ಬನ್ನಿ

ಆದಿವಾಸಿ ಜೇನುಕುರುಬರು ನೆಲೆಸಿದ ಹಾಡಿಯ ಪರಂಪರೆ ಉಳಿಸಲು ಬಯಲು ಕಲಾ ಉತ್ಸವವೊಂದನ್ನು ನಡೆಸುವುದೆಂದು ಸಮಿತಿ ತೀರ್ಮಾನಿಸಿದೆ. ಸಮಿತಿ ಎಂದರೆ ಸದ್ಯಕ್ಕೆ ನಾನು ಮತ್ತು ನನ್ನ ಖಾದಿ ಜುಬ್ಬ. ಮೈದಾನದ ನಡುವೆ ಒಂದು ಗುಡಿಸಲು ಕಟ್ಟಿಸುತ್ತೇವೆ: ಬಿದಿರಿನ ತಟ್ಟಿ, ಮೇಲೆ ಮೆತ್ತಿದ ಮಣ್ಣು, ಹುಲ್ಲಿನ ಮಾಡು. ಮೂರು ದಿನ ಕಲಾವಿದರು ಅದಕ್ಕೆ ಬಣ್ಣ ಬಳಿಯುತ್ತಾರೆ, ಗಣ್ಯರು ಅದರೆದುರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಾಲ್ಕನೇ ದಿನ ಒಳಗೆ ಯಾರಾದರೂ ಒಲೆ ಹೊತ್ತಿಸಿದ್ದು ಕಂಡುಬಂದರೆ ಒತ್ತುವರಿ ಎಂದು ತೆರವು ಮಾಡಲಾಗುವುದು.

ಈ ಸೂಕ್ಷ್ಮ ತಿಳಿಯದೆ ಗುಡಿಸಲಲ್ಲಿ ವಾಸಕ್ಕಿದ್ದು ಕೆಟ್ಟವರು ಕೊಡಗಿನ ದಿಡ್ಡಳ್ಳಿಯ ಆದಿವಾಸಿಗಳು. 2016ರ ಡಿಸೆಂಬರಿನಲ್ಲಿ ಅಲ್ಲಿನ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಟಾರ್ಪಾಲ್ ಹೊದಿಸಿದ ಗುಡಿಸಲು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ, ನಿಜ. ಆದರೂ 'ಇನ್‌ಸ್ಟಲೇಷನ್' ಎಂದೊಂದು ಬೋರ್ಡು ನೆಟ್ಟಿದ್ದರೆ, ಕೆಡವಲು ಬಂದವರೇ ಟೇಪು ಕತ್ತರಿಸಿ ಹೋಗುತ್ತಿದ್ದರೇನೋ.

2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ನಾವು ಮರೆತಿಲ್ಲ. ಅದರ ಪ್ರಕಾರ ಹಕ್ಕಿನ ಅರ್ಜಿ ಕೇಳಬೇಕಾದ ಗ್ರಾಮಸಭೆಯೊಂದು ಮಣ್ಣಿನ ಗೊಂಬೆಗಳ ರೂಪದಲ್ಲಿ ಪ್ರದರ್ಶನದಲ್ಲಿರುತ್ತದೆ. ಗೊಂಬೆಗಳು ಹಕ್ಕುಪತ್ರಕ್ಕೆ ಅರ್ಜಿ ಹಾಕುವುದಿಲ್ಲ.

ಅತಿಥಿಗಳಿಗೆ ಕಾಡಿನೊಳಗೇ ಕೋಣೆ ಕೊಡಿಸುವ ಆಸೆಯಿತ್ತು. ನಾಗರಹೊಳೆಯ ಮೂರ್ಕಲ್‌ನಲ್ಲಿ ತಾಜ್ ಸಮೂಹದ ರೆಸಾರ್ಟ್ ಬರುವುದಿತ್ತಲ್ಲ, ಹಾಡಿಯವರು ಬೀದಿಗಿಳಿದು, ಕೋರ್ಟಿಗೂ ಹೋಗಿ, 1997ರಲ್ಲಿ ಹೈಕೋರ್ಟಿನಿಂದ ಅದಕ್ಕೆ ಕಲ್ಲು ಹಾಕಿಸಿದರು. ಪರವಾಗಿಲ್ಲ, ಕಬಿನಿ ದಡದಲ್ಲಿ ಹಾಡಿಯ ಮಾದರಿಯಲ್ಲೇ ಕಟ್ಟಿದ ಐಷಾರಾಮಿ ಕಾಟೇಜುಗಳಿವೆ. ಮೇಲೆ ಹುಲ್ಲಿನ ಮಾಡು, ಪಕ್ಕದಲ್ಲಿ ಖಾಸಗಿ ಈಜುಕೊಳ. ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳ ಮೇಲೆ ಸೂರ್ಯಾಸ್ತ ಬಹಳ ಸೊಗಸಾಗಿ ಕಾಣುತ್ತದೆ.

ತಕರಾರು ಎದ್ದಿರುವುದು ಸಾಂಸ್ಕೃತಿಕ ಕಾರ್ಯಕ್ರಮದ್ದು. ಸ್ವಾಗತಗೀತೆ ಕೇಳಿದರೆ ಹಾಡಿಯವರು ಕುಂಡೆ ಹಬ್ಬದ ಹಾಡು ಹೇಳುತ್ತೇವೆ ಎನ್ನುತ್ತಾರೆ. ಮೇ ತಿಂಗಳಲ್ಲಿ ದೇವರಪುರದ ಭದ್ರಕಾಳಿ ಗುಡಿಗೆ ಹೊರಡುವ ಹಬ್ಬ ಅದು. ಗಂಡಸರು ಹೆಣ್ಣುವೇಷ ತೊಟ್ಟು, ಡಬ್ಬ ಬಡಿಯುತ್ತ, ದೇವರಿಂದ ದಾರಿಹೋಕರವರೆಗೆ ಎಲ್ಲರನ್ನೂ ಬಾಯ್ತುಂಬ ಬಯ್ಯುತ್ತಾರೆ. ಮೇಲೆ ಕಾಸನ್ನೂ ಕೇಳುತ್ತಾರೆ. ತಮ್ಮನ್ನು ಬೇಟೆಗೆ ಕರೆದೊಯ್ದು ನಡುಗಾಡಿನಲ್ಲಿ ಕೈಕೊಟ್ಟನೆಂಬ ಹಳೆಯ ಕತೆಗೆ ದೇವರನ್ನೇ ಬಿಡದವರು ನಮ್ಮ ಮುಖ್ಯ ಅತಿಥಿಗಳನ್ನು ಬಿಟ್ಟಾರೆಯೇ?

ಹಾಡನ್ನು ಮೊದಲೇ ಬರೆಸಿ ಸಮಿತಿಗೆ ತೋರಿಸಬೇಕೆಂದು ಹೇಳಿಕಳಿಸಿದೆ. ಆಗಲಿ ಎಂದರು. ಅತಿಥಿಗಳ ಹೆಸರು, ಹುದ್ದೆ ಎರಡನ್ನೂ ತಪ್ಪಿಲ್ಲದೆ ಕಳಿಸಿ ಸ್ವಾಮಿ, ಪದಕ್ಕೆ ಕೂಡಿಸಬೇಕು ಎಂದರು.