ಬೇಕಾಗಿದ್ದಾರೆ: ಕೌದಿಗೊಬ್ಬ ಕ್ರಿಯೇಟಿವ್ ಡೈರೆಕ್ಟರ್

ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಂಗಸರು ತಲೆತಲಾಂತರದಿಂದ ಕೌದಿ ಹೊಲಿಯುತ್ತ ಬಂದಿದ್ದಾರೆ. ಇಷ್ಟು ಕಾಲದಲ್ಲಿ ಅವರಲ್ಲೊಬ್ಬಳಾದರೂ ಬೆಳಿಗ್ಗೆ ಬಂದವಳೇ ಕೋಟನ್ನೂ ಚೀಲವನ್ನೂ ಸಹಾಯಕಿಯ ಮೇಜಿನ ಮೇಲೆ ಎಸೆದ ಉದಾಹರಣೆ ಇಲ್ಲ. ಕೋಟಿಲ್ಲ, ಮೇಜಿಲ್ಲ, ಸಹಾಯಕಿಯಂತೂ ಮೊದಲೇ ಇಲ್ಲ. ಪ್ಯಾರಿಸ್ಸು, ಮಿಲಾನಿನ ಫ್ಯಾಷನ್ ಮನೆಗಳ ಲೆಕ್ಕದಲ್ಲಿ ಇದನ್ನು ಉದ್ಯಮ ಅಂತ ಕರೆಯಲಿಕ್ಕೇ ಬರುವುದಿಲ್ಲ. ನಾಯಕತ್ವ ಎಲ್ಲಿದೆ? ನಡುಕ ಎಲ್ಲಿದೆ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಆ ಕೆಂಪು ಈ ಕೆಂಪಲ್ಲ ಎಂದು ಒಬ್ಬರನ್ನಾದರೂ ಅಳಿಸುವವರು ಯಾರು?

ಅವರ ಚರಿತ್ರೆಯೇ ಹಾಗಿದೆ ಅನ್ನಿ. ಪೋರ್ಚುಗೀಸರು ಆಫ್ರಿಕದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದ ಜನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. ಇವತ್ತಿನ ಎಚ್.ಆರ್. ಭಾಷೆಯಲ್ಲಿ ಹೇಳುವುದಾದರೆ, ಕೆಲಸದ ವಾತಾವರಣ ಹಿಡಿಸದೆ, ನೋಟಿಸ್ ಅವಧಿ ಪೂರೈಸದೆ, ಎಕ್ಸಿಟ್ ಇಂಟರ್‌ವ್ಯೂ ಕೊಡದೆ ಹೊರಟುಹೋದ ಸಿಬ್ಬಂದಿ. ಅಂಥವರ ಮೊಮ್ಮಕ್ಕಳಲ್ಲಿ ಬಾಸ್‌ಗಿರಿ ಚಿಗುರಲಿ ಅಂದರೆ ಎಲ್ಲಿಂದ ಚಿಗುರೀತು?

ಕೌದಿ ಆಗುವ ಬಗೆ ನೋಡಿದರೆ ಕೊರತೆ ಎಷ್ಟೆಂದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಉಟ್ಟು ಹರಿದ ಸೀರೆ, ಗಂಡನ ಅಂಗಿ, ಮಗನ ಶಾಲೆಯ ಚಡ್ಡಿ ಎಲ್ಲ ತುಂಡಾಗಿ ರಾಶಿ ಬೀಳುತ್ತವೆ. ಕೆಳಗೊಂದು ಹಳೆಯ ಸೀರೆ ಹಾಸಿ, ಅಂಚಿನಿಂದ ಹೊಲಿಗೆ ಹಿಡಿದು, ಸುತ್ತು ಹಾಕುತ್ತ ಒಳಗೊಳಗೆ ಬಂದು ನಟ್ಟನಡುವೆ ಮುಗಿಸುತ್ತಾರೆ. ನಕ್ಷೆ ಬರೆಯುವುದಿಲ್ಲ, ಸ್ಯಾಂಪಲ್ ತೆಗೆಯುವುದಿಲ್ಲ. ನಾಲ್ಕು ಮೂಲೆಗೆ ಪದರ ಪದರವಾಗಿ ಮಡಚಿದ ಬಟ್ಟೆಯ ತ್ರಿಕೋನ ಹಚ್ಚಬೇಕು. ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಈ ಆಜ್ಞೆ ಹೊರಡಿಸಿದವರು ಯಾರೂ ಇಲ್ಲ, ಮೀರಿದವರೂ ಇಲ್ಲ.

ಇಲ್ಲಿಗೊಬ್ಬ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಬಾಯಿ ಬಂದರು ಎಂದಿಟ್ಟುಕೊಳ್ಳೋಣ. ಕೈಯಲ್ಲಿ ಟ್ಯಾಬ್, ತಲೆ ಮೇಲೆ ತಂಪು ಕನ್ನಡಕ.

"ನಿಮ್ಮಲ್ಲಿ ಬಣ್ಣ ಯಾರು ಡಿಸೈಡ್ ಮಾಡ್ತಾರೆ?"

"ಯಾವ ಸೀರಿ ಮೊದಲ ಹರೀತದೋ ಅದs ಡಿಸೈಡ್ ಮಾಡ್ತದರೀ ಬಾಯಾರ."

"ಟೀಮ್ ಲೀಡರ್ ಯಾರು?"

"ಕಣ್ಣು ಕಾಣೋರು ಸೂಜಿಗೆ ದಾರ ಪೋಣಿಸಿ ಕೊಡ್ತಾರ್ರೀ. ಕಾಣದಿದ್ದೋರು ಹೊಲೀತಾರ."

"ಕೆಲಸ ತಪ್ಪಾದರೆ?"

"ಬಿಚ್ಚತೇವಿ."

ವರದಿ ಸಿದ್ಧವಾಯಿತು: ಹೊಣೆಗಾರಿಕೆಯ ರಚನೆ ಇಲ್ಲ, ದೂರದೃಷ್ಟಿ ಇಲ್ಲ, ಸಿಬ್ಬಂದಿ ಕೆಲಸದ ಹೊತ್ತಿನಲ್ಲಿ ನಗುತ್ತಾರೆ.

ಹಾಗಂತ ಕೌದಿಯ ಜಗಲಿ ಸ್ವರ್ಗವೂ ಅಲ್ಲ. ಗದ್ದೆ ಕೂಲಿ, ನೀರು, ಒಲೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತು ಹೊಲಿಗೆಗೆ. ಬೆನ್ನು ಹಿಡಿಯುತ್ತದೆ, ಬೆರಳು ತೂತಾಗುತ್ತದೆ. ಕೊಳ್ಳಲು ಬಂದವನು ಮೂಸಿ ನೋಡಿ, "ಹಳೇ ಬಟ್ಟಿ ಅಲ್ಲೇನು?" ಎಂದು ಬೆಲೆ ಇಳಿಸುತ್ತಾನೆ. ಅವನ ಮಗಳು ಬೆಂಗಳೂರಿನ ಮಾಲಿನಲ್ಲಿ ಅದೇ ಹಳೇ ಬಟ್ಟೆಯ ತೇಪೆ ಜಾಕೆಟ್ಟಿಗೆ ಅಪ್‌ಸೈಕಲ್ಡ್ ಎಂಬ ಚೀಟಿ ಇರುವುದನ್ನು ಕಂಡು ಕಾರ್ಡ್ ಉಜ್ಜಿ ಬರುತ್ತಾಳೆ. 2022ರಲ್ಲಿ ಬಲೆನ್ಸಿಯಾಗ ಎಂಬ ದೊಡ್ಡ ಫ್ಯಾಷನ್ ಮನೆ ಕಸದ ಚೀಲದಂತೆಯೇ ಕಾಣುವ ಚರ್ಮದ ಚೀಲವನ್ನು 1,790 ಡಾಲರಿಗೆ ಮಾರಾಟಕ್ಕಿಟ್ಟಿತು. ಬಡವರ ಹರಕು ಬಡವರ ಮೈಮೇಲಿದ್ದರೆ ದಾರಿದ್ರ್ಯ, ಡೈರೆಕ್ಟರ್ ಮುಟ್ಟಿದರೆ ದರ್ಶನ.

ಆ ಮುಟ್ಟುವ ಕೈ ಎಂಥದ್ದು ಎಂದು ತಿಳಿಯಬೇಕಾದರೆ 2006ರ 'ದ ಡೆವಿಲ್ ವೇರ್ಸ್ ಪ್ರಾಡಾ' ಸಿನಿಮಾ ನೋಡಬೇಕು. ಅಮೆರಿಕದ ವೋಗ್ ಪತ್ರಿಕೆಯ ಸಂಪಾದಕಿ ಆನಾ ವಿಂಟೂರ್ ಅವರ ಬಳಿ ಸಹಾಯಕಿಯಾಗಿದ್ದ ಲಾರೆನ್ ವೈಸ್‌ಬರ್ಗರ್ 2003ರಲ್ಲಿ ಬರೆದ ಕಾದಂಬರಿ ಅದರ ಮೂಲ. ಒಡತಿಯ ಪಾತ್ರದಲ್ಲಿ ಮೆರಿಲ್ ಸ್ಟ್ರೀಪ್ ಕಿರುಚುವುದಿಲ್ಲ. ಪಿಸುಗುಡುತ್ತಾಳೆ. ಆ ಪಿಸುಮಾತಿಗೆ ಇಡೀ ಆಫೀಸು ಹೈಹೀಲ್ಸ್ ಮೇಲೆ ಓಡುತ್ತದೆ. ಬರೆದವಳು ಗೋಳು ಹೇಳಿಕೊಂಡರೆ, ನೋಡಿದ ಮ್ಯಾನೇಜರುಗಳು ಅದನ್ನು ತರಬೇತಿ ಪಠ್ಯವೆಂದು ತಿಳಿದರು. ವಿಂಟೂರ್ 1988ರಲ್ಲಿ ಹಿಡಿದ ಸಂಪಾದಕಿಯ ಕುರ್ಚಿಯನ್ನು 2025ರಲ್ಲಿ ಬಿಟ್ಟುಕೊಟ್ಟರು, ಅದರ ಮೇಲಿನ ಜಾಗತಿಕ ಕುರ್ಚಿಯನ್ನು ಮಾತ್ರ ಇಟ್ಟುಕೊಂಡರು. ನಮ್ಮ ಸೊಸೈಟಿಗಳ ಮಾಜಿ ಅಧ್ಯಕ್ಷರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಿನಿಮಾದಲ್ಲೊಂದು ಪ್ರಸಿದ್ಧ ಭಾಷಣವಿದೆ. ಸಹಾಯಕಿ ಹಾಕಿಕೊಂಡ ಅಗ್ಗದ ನೀಲಿ ಸ್ವೆಟರನ್ನು ತೋರಿಸಿ ಒಡತಿ ಹೇಳುತ್ತಾಳೆ, ಆ ನೀಲಿಯನ್ನು ಆರಿಸಿದವಳು ನೀನಲ್ಲ, ಈ ಕೋಣೆಯಲ್ಲಿ ಕೂತವರು. ದೊಡ್ಡ ಡಿಸೈನರುಗಳಿಂದ ಇಳಿದು ಇಳಿದು ಅದು ರಿಯಾಯಿತಿ ಬುಟ್ಟಿಗೆ ಬಿದ್ದಾಗ ನಿನಗೆ ಸಿಕ್ಕಿತು ಎಂದು. ಅಲ್ಲಿಂದಲೂ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದು ಪಾಪ ಆಕೆಗೆ ಗೊತ್ತಿಲ್ಲ. ಅದು ಮುಂಡಗೋಡದವರೆಗೂ ಬರುತ್ತದೆ.

1966ರಲ್ಲಿ ಮುಂಡಗೋಡದಲ್ಲಿ ಟಿಬೇಟಿ ನಿರಾಶ್ರಿತರ ದೋಗುಲಿಂಗ್ ವಸಾಹತು ಆಯಿತು. ಹೊಲ ಕೊಟ್ಟರು, ಮಳೆ ಕೊಡುವುದು ಯಾರ ಕೈಯಲ್ಲೂ ಇರಲಿಲ್ಲ. ಚಳಿಗಾಲಕ್ಕೆ ಇಲ್ಲಿಯ ಎಷ್ಟೋ ಕುಟುಂಬಗಳು ಲೂಧಿಯಾನದ ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೊರಟವು. ಹುಬ್ಬಳ್ಳಿ ಕಡೆಯ ಗಿರಾಕಿ ಬರುತ್ತಾಳೆ, ಆ ಒಡತಿಯ ಕೋಣೆಯಲ್ಲಿ ಆರಿಸಿದ ನೀಲಿಯನ್ನು ಎರಡು ಬೆರಳಲ್ಲಿ ಎತ್ತಿ, "ಈ ಬಣ್ಣಕ್ಕ ಹೊಲಸು ಭಾಳ ಕಾಣತದ, ಕಂದು ತೆಗೀರಿ" ಅನ್ನುತ್ತಾಳೆ. ಜಗತ್ತಿನ ಫ್ಯಾಷನ್ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಅದು. ಮೇಲ್ಮನವಿ ಇಲ್ಲ. ಇನ್ನೊಂದು ಮಾತು: ಲೂಧಿಯಾನದ ಕಾರ್ಖಾನೆಯವರು ಈ ವ್ಯಾಪಾರಿಗಳಿಗೆ ಮಾಲನ್ನು ಸಾಲವಾಗಿ ಕೊಡುವುದು, ಇವರು ಸೀಸನ್ ಮುಗಿದ ಮೇಲೆ ತೀರಿಸುವುದು ಹಳೆಯ ರೂಢಿ. ಮಾತಿನ ಮೇಲೆ ನಡೆದ ವ್ಯವಹಾರ. ಇದರ ಮೇಲೆ ಯಾವ ಬಿಸಿನೆಸ್ ಗುರುವೂ ವಿಮಾನ ನಿಲ್ದಾಣದಲ್ಲಿ ಮಾರುವ ಪುಸ್ತಕ ಬರೆದದ್ದನ್ನು ನಾನು ಕಂಡಿಲ್ಲ.

ಬಣ್ಣದಂತೆ ಪಿಸುಮಾತೂ ಇಳಿಯುತ್ತದೆ. ಇಳಿದಂತೆ ಅದರ ದನಿ ಏರುತ್ತದೆ. ಮೇಲೆ "ಸ್ವಲ್ಪ ಬೇಗ ಸಿಕ್ಕರೆ ಚೆನ್ನ" ಎಂದದ್ದು ಬೈಯರ್ ಕಚೇರಿಯಲ್ಲಿ ಡೆಡ್‌ಲೈನ್, ಗಾರ್ಮೆಂಟ್ಸ್ ಮಾಲೀಕನ ಕೋಣೆಯಲ್ಲಿ ಟಾರ್ಗೆಟ್, ಪೀಣ್ಯದ ಲೈನಿನಲ್ಲಿ ಸೂಪರ್‌ವೈಸರ್ ಬಾಯಿಂದ ಬರುವಾಗ ಅಚ್ಚು ಹಾಕಲಾಗದ ಮಾತು. ದುಡ್ಡಿನ ಗುಣ ಇದಕ್ಕೆ ತಿರುವುಮುರುವು, ಇಳಿದಂತೆ ಸೊರಗುತ್ತದೆ. 2024ರ ಜೂನ್‌ನಲ್ಲಿ ಮಿಲಾನಿನ ನ್ಯಾಯಾಲಯ ಡಿಯೋರ್‌ನ ಚೀಲ ತಯಾರಿಸುವ ಅಂಗಸಂಸ್ಥೆಯೊಂದನ್ನು ತಾನೇ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಕೊಟ್ಟಿತು. 2,600 ಯೂರೋಗೆ ಮಾರುವ ಚೀಲವನ್ನು ಜೋಡಿಸಲು ಗುತ್ತಿಗೆದಾರನಿಗೆ ಕೊಟ್ಟದ್ದು 53 ಯೂರೋ ಎಂದು ತನಿಖೆಯ ಕಾಗದ ಹೇಳಿತು. ಚರ್ಮದ ಖರ್ಚು ಬೇರೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಕೆಲಸಗಾರರು ಕಾರ್ಖಾನೆಯಲ್ಲೇ ಮಲಗುತ್ತಿದ್ದರು, ಯಂತ್ರ ಜೋರಾಗಿ ಓಡಲೆಂದು ಅದರ ಸುರಕ್ಷಾ ಸಾಧನ ಕಿತ್ತಿದ್ದರು. ಕಂಪನಿ ಇದನ್ನೆಲ್ಲ ಖಂಡಿಸಿತು. ಸುಧಾರಣೆಗೆ ಒಪ್ಪಿದ ಮೇಲೆ 2025ರ ಆರಂಭದಲ್ಲಿ ಆ ಸುಪರ್ದಿಯೂ ತೆರವಾಯಿತು. ಸ್ವೆಟರಿನ ನೀಲಿ ಎಲ್ಲಿಂದ ಬಂತೆಂದು ಬಲ್ಲವರಿಗೆ ಸ್ವಂತ ಚೀಲ ಎಲ್ಲಿ ಹೊಲಿದದ್ದೆಂದು ತಿಳಿಯದೇ ಹೋಗುವುದು ಈ ನಾಯಕತ್ವದ ವಿಶೇಷ.

ನಾಯಕರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿ ದಾಖಲೆ ಇದೆ. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ಕೊಕ್ಕೆ ಹಾಕಿದಾಗ, 2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಷೀನು ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಯೂನಿಯನ್ ಕರೆ ಕೊಟ್ಟಿರಲಿಲ್ಲ. ಮಾತುಕತೆಗೆ ಯಾರನ್ನು ಕರೆಯಬೇಕೆಂದೇ ಅಧಿಕಾರಿಗಳಿಗೆ ತೋಚಲಿಲ್ಲ. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳು ಸುಟ್ಟವು. 19ರ ಸಂಜೆಗೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಲೀಡರ್‌ಶಿಪ್ ಶಿಬಿರಕ್ಕೆ ಹೋಗದ ಹೆಂಗಸರು ಎರಡೇ ದಿನದಲ್ಲಿ ದೆಹಲಿಯನ್ನು ಬಗ್ಗಿಸಿದ್ದರು.

ಶಿಬಿರ ಅಂದೆ. ಅದು ನಡೆಯುವುದು ದಾಂಡೇಲಿಯಲ್ಲಿ. ಶನಿವಾರ ಬಂತೆಂದರೆ ಬೆಂಗಳೂರಿನ ಕಂಪನಿ ಬಸ್ಸುಗಳು ರೆಸಾರ್ಟುಗಳ ಮುಂದೆ ಸಾಲುಗಟ್ಟುತ್ತವೆ. ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಸಿಬ್ಬಂದಿ ಗಣೇಶಗುಡಿಯಲ್ಲಿ ರಬ್ಬರ್ ದೋಣಿ ಹತ್ತಿ ಕಾಳಿ ನದಿಯಲ್ಲಿ ಒಗ್ಗಟ್ಟು ಕಲಿಯುತ್ತದೆ. ವರ್ಷವಿಡೀ ಒಬ್ಬರನ್ನೊಬ್ಬರು ನೀರಿಗೆ ತಳ್ಳಿದವರು ಅಂದು ಲೈಫ್ ಜಾಕೆಟ್ ತೊಟ್ಟು ಅದನ್ನೇ ಮಾಡುತ್ತಾರೆ. ಸೂಪಾ ಅಣೆಕಟ್ಟಿನವರು ನೀರು ಬಿಟ್ಟರೆ ಮಾತ್ರ ಆ ನಾಯಕತ್ವ ತೇಲುತ್ತದೆ. ಬಿಡದಿದ್ದರೆ ಬಂಡೆಯ ಮೇಲೆ ಕೂತು ಸೆಲ್ಫಿ. ದೋಣಿಯಲ್ಲಿ ಒಬ್ಬನಿಗೆ ಮಾತ್ರ ಹೊಳೆಯ ಗುಟ್ಟು ಗೊತ್ತು, ಹಿಂದೆ ಕೂತ ಸ್ಥಳೀಯ ಹುಡುಗನಿಗೆ. ಅವನು ಹೇಳಿದಾಗ ಸಿಇಒ ಕೂಡ ಹುಟ್ಟು ಹಾಕುತ್ತಾನೆ. ಸೋಮವಾರ ಕಚೇರಿಯಲ್ಲಿ ಈ ಪಾಠದ ಸ್ಲೈಡ್ ಮಾತ್ರ ಯಾರೂ ತೋರಿಸುವುದಿಲ್ಲ.

ನದಿಯ ಮೇಲಕ್ಕೆ ಹೋದರೆ ಜೋಯಿಡಾದ ಕುಣಬಿಗಳ ಹಳ್ಳಿಗಳು. ಇವರ ಬಳಗದ ಗೋವಾದ ಹೆಂಗಸರು ಉಡುತ್ತಿದ್ದ ಚೌಕುಳಿ ಸೀರೆಗೆ ಡಿಸೈನರ್ ವೆಂಡೆಲ್ ರೋಡ್ರಿಕ್ಸ್ ಮರುಜೀವ ಕೊಟ್ಟು ದೆಹಲಿಯ ಫ್ಯಾಷನ್ ವಾರಕ್ಕೆ ಒಯ್ದರು. ಅವರು ಒಳ್ಳೆಯವರಾಗಿದ್ದರು, ಕುಣಬಿ ಎಂಬ ಹೆಸರನ್ನು ಸೀರೆಯ ಮೇಲೆ ಉಳಿಸಿದರು. ಎಲ್ಲರೂ ಹಾಗಿರುವುದಿಲ್ಲ. 2025ರ ಜೂನ್‌ನಲ್ಲಿ ಪ್ರಾಡಾ ಮಿಲಾನಿನ ರ‍್ಯಾಂಪಿನ ಮೇಲೆ ಕೊಲ್ಹಾಪುರಿ ಚಪ್ಪಲಿಯನ್ನು ನಡೆಸಿ, ಅದಕ್ಕೆ ಬರೇ ಚರ್ಮದ ಸ್ಯಾಂಡಲ್ ಎಂದು ನಾಮಕರಣ ಮಾಡಿತು. ಬೈಗುಳ ಬಿದ್ದ ಮೇಲೆ ಮೂಲ ನೆನಪಾಯಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಹಳಿಯಾಳದ ಪಕ್ಕದ ಧಾರವಾಡ ಜಿಲ್ಲೆಯೂ ಇದೆ. ಇನ್ನು ಜೋಯಿಡಾದ ಕುಣಬಿಗಳ ಕತೆ: 2003ರಲ್ಲಿ ಗೋವಾದ ಕುಣಬಿಗಳೂ ಉತ್ತರ ಕನ್ನಡದ ಸಿದ್ದಿಗಳೂ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಗಡಿಯ ಈಚೆ ಉಳಿದ ಕುಣಬಿಗಳು ಅದೇ ಪಟ್ಟಿಗಾಗಿ ಇನ್ನೂ ಮನವಿ ಕೊಡುತ್ತಲೇ ಇದ್ದಾರೆ. ಸೀರೆಗೆ ರ‍್ಯಾಂಪ್ ಸಿಕ್ಕಿತು, ಉಟ್ಟವರಿಗೆ ಸರದಿ.

ಇಷ್ಟೆಲ್ಲ ನೋಡಿದ ಮೇಲೆ ಕೌದಿಗೊಬ್ಬ ಕ್ರಿಯೇಟಿವ್ ಡೈರೆಕ್ಟರ್ ಬೇಕೇ ಬೇಕು ಎಂದು ನಾನು ತೀರ್ಮಾನಿಸಿ ಈ ಪ್ರಕಟಣೆ ಹೊರಡಿಸುತ್ತಿದ್ದೇನೆ. ಅಭ್ಯರ್ಥಿಗೆ ಹೊಲಿಗೆ ಬರಬಾರದು. ಬಂದರೆ ಹೊಲಿಯಲು ಕೂರುತ್ತಾನೆ, ನಾಯಕತ್ವ ಹಾಳಾಗುತ್ತದೆ. ಹಳ್ಳಿಗೆ ಬಂದಾಗ "ಇನ್‌ಸ್ಪೈರ್ ಆದೆ" ಎನ್ನಲು ಬರಬೇಕು. ಮುದುಕಿಯರ ಸುಕ್ಕುಗಟ್ಟಿದ ಕೈಯ ಫೋಟೋ ತೆಗೆಯಬೇಕು, ಮುಖದ್ದು ಬೇಡ, ಮುಖವಿದ್ದರೆ ಹೆಸರು ಕೇಳುತ್ತಾರೆ. ಕೂಲಿ ಕೇಳಿದರೆ ಎಕ್ಸ್‌ಪೋಷರ್ ಕೊಡಬೇಕು. ಅವಧಿ ಎರಡು ವರ್ಷ. 2023ರಲ್ಲಿ ಗುಚಿ ನೇಮಿಸಿದ ಡೈರೆಕ್ಟರ್ 2025ರ ಫೆಬ್ರುವರಿಗೆ ಮನೆಗೆ ಹೋದರು, ನಮ್ಮ ತಹಶೀಲ್ದಾರರ ವರ್ಗಾವಣೆಗೆ ಸರಿಯಾಗಿ ಹೊಂದುತ್ತದೆ. ರಾತ್ರಿ ತುರ್ತು ಮೇಲ್ ಕಳಿಸುವ ಚಟ ಇದ್ದವರು ಜೋಯಿಡಾ ಶಾಖೆಗೆ ಅರ್ಜಿ ಹಾಕಬಾರದು, ಅಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು.

ಹೊರಗಿನವರೇ ಬೇಕೆಂದಿಲ್ಲ, ಸ್ಥಳೀಯ ಪ್ರತಿಭೆಗೂ ಅವಕಾಶವಿದೆ. ಕೌದಿ ಮೇಳಕ್ಕೆ ಕೌದಿಗಿಂತ ದೊಡ್ಡ ಫ್ಲೆಕ್ಸ್ ಹಾಕಿಸಿ, ಅದರಲ್ಲಿ ತಮ್ಮ ಮುಖ ಮಾತ್ರ ಬರುವಂತೆ ನೋಡಿಕೊಳ್ಳುವ ಅಧಿಕಾರಿಗಳು ಯಾವ ತಾಲೂಕಿನಲ್ಲಿಲ್ಲ? ಮುಖ್ಯ ಅತಿಥಿಗೆ ಹೊದಿಸಿದ ಕೌದಿಯ ದುಡ್ಡನ್ನು ಯಾವ ಹೆಡ್ಡಿನಲ್ಲಿ ಹಾಕಬೇಕೆಂದು ಮಾರ್ಚ್ ತನಕ ಯೋಚಿಸುವವರು, ಮಧ್ಯಾಹ್ನದ ಉದ್ಘಾಟನೆಗೆ ಬೆಳಗಿನ ಎಂಟಕ್ಕೆ ಹೆಂಗಸರನ್ನು ಟೆಂಪೋದಲ್ಲಿ ತಂದು ಕೂರಿಸುವವರು, ಇವರೆಲ್ಲ ಪ್ಯಾರಿಸ್ಸಿಗೆ ಹೋಗದೆಯೇ ಪ್ಯಾರಿಸ್ಸಿನ ವಿದ್ಯೆ ಕಲಿತವರು. ಅವರಿಗೆ ಸಂದರ್ಶನವೂ ಬೇಡ, ನೇರ ನೇಮಕ.

ಹಳಿಯಾಳ, ಮುಂಡಗೋಡ ಕಡೆ ಹೋಗುವ ಉಳಿದವರಲ್ಲಿ ಇಷ್ಟೇ ಕೇಳುವುದು. ಕೌದಿ ಹೊಲಿಸುವುದಾದರೆ ಕೂಲಿ ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ. ಹೊಲಿದವಳ ಹೆಸರು ಕೇಳಿ ಬರೆದುಕೊಳ್ಳಿ, ಯಾರಿಗಾದರೂ ತೋರಿಸುವಾಗ ಆ ಹೆಸರನ್ನೇ ಹೇಳಿ. ಡಿಸೈನ್ ಹೇಳಿಕೊಡಲು ಹೋಗಬೇಡಿ. ಅವಸರವೂ ಬೇಡ. ಮಳೆಗಾಲದಲ್ಲಿ ಅವರಿಗೆ ನಾಟಿ ಇರುತ್ತದೆ, ಆಗಂತೂ ಎಲ್ಲಿಗೆ ಬಂತು ಎಂದು ಫೋನ್ ಮಾಡಲೇಬೇಡಿ.