ಮೆದುಳು ಕೊಡಹೋಗಿ ಮರಳಿ ತಂದದ್ದು

ಗೆಳೆಯನ ಮಗಳು ಪಿಎಚ್.ಡಿ.ಗಾಗಿ ಜನರ ಮೆದುಳಿನ ಎಂ.ಆರ್.ಐ. ತೆಗೆಯುತ್ತಾಳೆ. "ಅಂಕಲ್, ನಾರ್ಮಲ್ ಜನ ಬೇಕಾಗಿದಾರೆ, ಬರ್ತೀರಾ?" ಎಂದಳು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ನಾರ್ಮಲ್ ಎಂದಿರಲಿಲ್ಲ. ಇಸ್ತ್ರಿ ಶರ್ಟು ತೊಟ್ಟು, ಜನಸಾಮಾನ್ಯರ ಪ್ರತಿನಿಧಿಯಾಗಿ ಹೊರಟೆ.

ಮೊದಲು ಕೈ ವಿಚಾರಣೆ. ಎಡಗೈಯವರಲ್ಲಿ ಕೆಲವರ ಮೆದುಳು ಭಾಷೆಯನ್ನು ಬಲಭಾಗದಲ್ಲಿ ಇಟ್ಟುಕೊಂಡಿರುತ್ತದೆ. ಲೆಕ್ಕ ಕೆಡದಿರಲೆಂದು ಎಷ್ಟೋ ಅಧ್ಯಯನಗಳು ಅವರನ್ನು ಹೊಸ್ತಿಲಲ್ಲೇ ಬೀಳ್ಕೊಡುತ್ತವೆ. ಹತ್ತರಲ್ಲಿ ಒಬ್ಬರು ಅಲ್ಲಿಗೇ ಔಟ್. ನಾನು ಬರೆಯುವುದು ಬಲಗೈಲಿ, ಮೇಷ್ಟ್ರ ಬೆತ್ತದ ಕೃಪೆ. ಆದರೆ 1971ರ ಎಡಿನ್‌ಬರೋ ಪ್ರಶ್ನಾವಳಿ ಅಷ್ಟಕ್ಕೇ ಬಿಡುವುದಿಲ್ಲ: ಪೊರಕೆ ಹಿಡಿದಾಗ ಮೇಲಿರುವ ಕೈ ಯಾವುದು? ಮನೆಗೆ ಫೋನ್ ಮಾಡಿ ಕೇಳಿದೆ. "ಎರಡೂ ಕೈ ಸೋಫಾ ಮೇಲಿರುತ್ತೆ ಅಂತ ಬರೀರಿ" ಎಂದಳು ನನ್ನಾಕೆ.

ಹೇಗೋ ಪಾಸಾದೆ. ಉಂಗುರ, ಬೆಲ್ಟು, ತಾಯಿತ ಎಲ್ಲ ಬಿಚ್ಚಿಸಿ, ತಲೆಗೆ ಪಂಜರ ಹಾಕಿ, ಕೊಳವೆಯೊಳಗೆ ತಳ್ಳಿದರು. ಹೊಟ್ಟೆ ಕೊಂಚ ತಕರಾರು ಮಾಡಿ ಒಳಬಂತು. "ಪ್ಲಸ್ ಗುರುತು ನೋಡ್ತಿರಿ, ಅಲುಗಬೇಡಿ, ನಿದ್ದೆ ಮಾಡಬೇಡಿ." ತಲೆ ಒಂದೆರಡು ಮಿಲಿಮೀಟರ್ ಸರಿದರೂ ಚಿತ್ರ ಕೆಡುತ್ತದೆ. ಯಂತ್ರ ಟಕಟಕ ಬಡಿಯತೊಡಗಿತು. ಹೆಚ್ಚಿನವರು ಆ ಸದ್ದಿಗೆ ಬೆಚ್ಚುತ್ತಾರಂತೆ. ಮಾರ್ಕೆಟ್ ರಸ್ತೆಯಲ್ಲಿ ಬೆಳೆದವನಿಗೆ ಅದು ಜೋಗುಳ. ಹೊರಬಂದಾಗ ಹುಡುಗಿಯ ಮುಖ ಸಪ್ಪಗಿತ್ತು. "ಅಂಕಲ್, ಗೊರಕೆಗೆ ತಲೆ ಅಲ್ಲಾಡಿದೆ. ಡೇಟಾ ವೇಸ್ಟು."

ಅವಳೇ ಕಾಫಿ ಕುಡಿಸಿ ಸಮಾಧಾನ ಹೇಳಿದಳು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಅಧ್ಯಯನ 2006ರಿಂದ 2010ರವರೆಗೆ, 40ರಿಂದ 69ರ ವಯಸ್ಸಿನ 90 ಲಕ್ಷಕ್ಕೂ ಹೆಚ್ಚು ಜನರಿಗೆ ಆಹ್ವಾನ ಕಳಿಸಿತ್ತು. ಬಂದವರು ಸುಮಾರು 5 ಲಕ್ಷ, ಶೇ. 5.5ರಷ್ಟು. ಬಂದವರು ಉಳಿದವರಿಗಿಂತ ಸ್ಥಿತಿವಂತರು, ಸಿಗರೇಟು ಕಡಿಮೆ, ಬೊಜ್ಜೂ ಕಡಿಮೆ. ಅವರಲ್ಲೇ ಮೆದುಳಿನ ಸ್ಕ್ಯಾನಿಗೆ ಹೋದವರು ಇನ್ನೂ ಗಟ್ಟಿಗರು. ಅಂದರೆ ಪತ್ರಿಕೆಯಲ್ಲಿ ಬರುವ 'ಮನುಷ್ಯನ ಮೆದುಳು' ಬಹುಪಾಲು ಯಾರದು? ಬಲಗೈಯವರದು, ಕೆಲಸದ ದಿನ ಬಿಡುವಿದ್ದವರದು, ಬಂದ ಕಾಗದಕ್ಕೆಲ್ಲ ಉತ್ತರ ಬರೆಯುವವರದು.

ನನಗೆ ಗೊತ್ತಿರುವಂತೆ ಅಂಥವರು ಒಬ್ಬರೇ: ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು. ಐದಕ್ಕೆ ಏಳುತ್ತಾರೆ, ವಾಕಿಂಗ್ ತಪ್ಪಿಸುವುದಿಲ್ಲ, ನೀರಿನ ಬಿಲ್ಲಿಗೂ ಸ್ವೀಕೃತಿ ಪತ್ರ ಬರೆಯುತ್ತಾರೆ. ಅವರ ಹೆಸರನ್ನೇ ಸೂಚಿಸಿದೆ. ಒಂದೇ ಸಲಕ್ಕೆ ಓಕೆ! ಮನುಕುಲದ ಪರವಾಗಿ ಮೆದುಳು ಕೊಟ್ಟು ಬಂದ ಅನುಭವವನ್ನು ಅವರು ಅಪಾರ್ಟ್‌ಮೆಂಟಿನ ವಾಟ್ಸಪ್ ಗುಂಪಿನಲ್ಲಿ ಸವಿಸ್ತಾರವಾಗಿ ಬರೆದರು. ಮನುಕುಲದ ಉಳಿದವರು, ನನ್ನನ್ನೂ ಸೇರಿಸಿ, ಓದದೆಯೇ ಹೆಬ್ಬೆರಳು ಎತ್ತಿದೆವು.