ಬಾನೆಟ್ ಕಾಕಾ

ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೋಗುವ ಹೆದ್ದಾರಿ ಹಿಡಿದು, ಕಲಘಟಗಿ ದಾಟಿ, ದೇವಿಕೊಪ್ಪದಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ಕಡ್ಡಿ ಸಿಕ್ಕಿಸುವುದರೊಳಗೆ ಪಕ್ಕದಲ್ಲಿ ಒಬ್ಬ ಕಾಕಾ ನಿಂತಿರುತ್ತಾರೆ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಈ ಊರಿನ ಕಾಕಾಗೆ ಹೆದ್ದಾರಿಯ ಕೃಪೆಯಿಂದ ರೂಢಿ ಸ್ವಲ್ಪ ಜಾಸ್ತಿ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಎರಡೂ ಕೈ ಬೆನ್ನ ಹಿಂದೆ. ಆ ಧೋತರಕ್ಕೆ ಒಂದು ಹನಿ ಎಣ್ಣೆ ತಾಗಿದ್ದನ್ನು ಕಂಡವರಿಲ್ಲ. ಅವರ ಅಧಿಕಾರವೆಲ್ಲ ಇರುವುದೇ ಅಲ್ಲಿ. ಕೈ ಹಾಕಿದವನ ತಪ್ಪು ಹಿಡಿಯಬಹುದು, ಕೈಯನ್ನೇ ಹಾಕದವನನ್ನು ಯಾರು ಹಿಡಿದಾರು?

ಕಾಕಾ ಮೊದಲು ರೋಗ ಕೇಳುವುದಿಲ್ಲ, ಆರೋಪಿ ಯಾರೆಂದು ಕೇಳುತ್ತಾರೆ. “ಯಾರ್ ಬಿಚ್ಯಾರ ಇದನ್ನ?” ಹೆಸರು ಸಿಕ್ಕ ಮೇಲೆ ತಲೆ ಅಲ್ಲಾಡಿಸುವುದು. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿಕೊಂಡು, ಹಿಡಿಕೆ ಕಿವಿಗೆ ಹಚ್ಚಿ, ನಾಡಿ ಹಿಡಿದ ವೈದ್ಯರ ಹಾಗೆ ಕಣ್ಣು ಮುಚ್ಚುವುದು. ಎಂಜಿನ್ ಬಂದ್ ಇದ್ದರೂ ಅವರಿಗೆ ಏನೋ ಕೇಳಿಸುತ್ತದೆ.

ಹೊಸ ಕಾರು ಅವರಿಗೆ ಸೇರದು. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ, ಅದರ ಮುಂದೆ ನಿಂತು ಏನು ಮಾತಾಡುವುದು? ಕಾಕಾನ ಕಾರೆಂದರೆ ಅಂಬಾಸಡರ್. ವಿಲಾಯತಿಯ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದ ಕಾರ್ಖಾನೆಗೆ ಬಂದು ಅಂಬಾಸಡರ್ ಆದ ಕಥೆಯನ್ನು ಅವರು ಸ್ವತಃ ಬಾಣಂತನ ಮಾಡಿದವರ ಧಾಟಿಯಲ್ಲಿ ಹೇಳುತ್ತಾರೆ. ಅದರ ಎಂಜಿನ್ನಿನ 1489 ಸಿಸಿ ಎಂಬ ಅಂಕಿ ಅವರ ಬಾಯಲ್ಲಿ ಮಂತ್ರ. 2014ರಲ್ಲಿ ಆ ಕಾರ್ಖಾನೆ ಯಾಕೆ ನಿಂತಿತು ಎಂಬುದಕ್ಕೆ ನೂರು ಜನ ನೂರು ಕಾರಣ ಕೊಟ್ಟಾರು. ಕಾಕಾನ ಪ್ರಕಾರ ಕಾರಣ ಒಂದೇ, ಅವರನ್ನು ಯಾರೂ ಕೇಳಲಿಲ್ಲ.

ಊರಿನ ಗೌಡರೊಬ್ಬರ ಹಳೇ ಪೆಟ್ರೋಲ್ ಅಂಬಾಸಡರ್ ಸಿಕ್ಕಿಬಿದ್ದಾಗಲಂತೂ ಕಾಕಾಗೆ ಜಾತ್ರೆ. ಮೊಮ್ಮಗನಿಗೆ ಕಲಘಟಗಿ ತೊಟ್ಟಿಲು ತರಲು ಹೊರಟ ಕಾರು. ಹೊಗೆ ಸೋರುತ್ತದೆಂದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟಿಗೆ ಹುಡುಗ ಮೆಕ್ಯಾನಿಕ್ ಪಾನಾ ಹಾಕಿ ತಿರುವಿದರೆ ಸ್ಟಡ್ಡು ಟಕ್ಕಂತ ಮುರಿದು ಅರ್ಧ ಒಳಗೇ ಉಳಿಯಿತು. ಉಕ್ಕಿನ ಸ್ಟಡ್ಡು, ಬೀಡುಕಬ್ಬಿಣದ ಹೆಡ್ಡು. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ತುಕ್ಕು ಎರಡನ್ನೂ ಒಂದು ಮಾಡಿಬಿಟ್ಟಿತ್ತು. ಮುರಿದದ್ದು ಮಟ್ಟಸವಾಗಿ. ಚಿಮಟದಲ್ಲಿ ಹಿಡಿಯಲು ಉಗುರಿನಷ್ಟೂ ಹೊರಗಿಲ್ಲ.

“ನಾ ಹೇಳಿದ್ನಿ,” ಅಂದರು ಕಾಕಾ. ಹೇಳಿರಲಿಲ್ಲ. ಆಗಷ್ಟೇ ಬಂದಿದ್ದರು.

ಮೊದಲು ಛೀಣಿ ಹಚ್ಚಿ ಬಡಿ ಅಂದರು. ಚಾ ಬಂತು, ಬಡಿಯಬ್ಯಾಡ ಅಂದರು. ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ ಅಂದರು. ಎದುರಿಗೆ ಟ್ರ್ಯಾಕ್ಟರ್ ಸಾಹುಕಾರರ ಪಕ್ಷ ಹುಟ್ಟಿಕೊಂಡು ‘ಡ್ರಿಲ್ ಹೊಡಿ, ಒಳಗ ಈಜಿಔಟ್ ಹಾಕಿ ತಿರುವು’ ಎಂದಿತು. ಹುಡುಗ ಮಾತ್ರ ಸುಮ್ಮನೆ ನೋಡುತ್ತಿದ್ದ. ಅವನಿಗೆ ಗೊತ್ತು: ಡ್ರಿಲ್ಲಿನ ಬಿಟ್ ಗಟ್ಟಿ ಸ್ಟಡ್ಡಿನ ಮೇಲೆ ಜಾರಿದರೆ ಪಕ್ಕದ ಮೆತ್ತನೆಯ ಬೀಡುಕಬ್ಬಿಣವನ್ನೇ ಕೊರೆಯುತ್ತದೆ, ತೂತಿಗೆ ಕಚ್ಚಿಸಿ ಮುರಿದದ್ದನ್ನು ತಿರುಗಿಸಿ ತೆಗೆಯುವ ಈಜಿಔಟ್ ಒಳಗೆ ಮುರಿದರೆ ಅದು ಎಷ್ಟು ಗಟ್ಟಿ ಉಕ್ಕೆಂದರೆ ಸಾಮಾನ್ಯ ಡ್ರಿಲ್ ಬಿಟ್‌ಗೆ ಜಗ್ಗುವುದೇ ಇಲ್ಲ. ಆಮೇಲೆ ಹೆಡ್ಡು ಇಳಿಸಿ ಹುಬ್ಬಳ್ಳಿಗೆ ಹೊರಬೇಕು.

ಕಾರನ್ನು ವೆಲ್ಡಿಂಗ್ ಅಂಗಡಿಗೆ ದೂಡಿದರು. ಎಲ್ಲರೂ ಕೈ ಹಚ್ಚಿದರು, ಕಾಕಾ ಬಾಯಿ ಹಚ್ಚಿದರು. ಹುಡುಗ ಬ್ಯಾಟರಿಯ ವೈರು ಬಿಚ್ಚಿ, ಮ್ಯಾನಿಫೋಲ್ಡ್ ಸರಿಸಿ, ಮುರಿದ ಮುಖಕ್ಕೆ ಒಂದು ನಟ್ಟು ಇಟ್ಟು, ಅದರ ತೂತಿನೊಳಗೆ ವೆಲ್ಡಿಂಗ್ ಕಡ್ಡಿ ಇಳಿಸಿ ಎರಡನ್ನೂ ಬೆಸೆದ. ಇದರ ಒಳಗುಟ್ಟು ಬಿಸಿಯಲ್ಲಿದೆ: ಕೆಂಪಗೆ ಕಾದ ಸ್ಟಡ್ಡು ಉಬ್ಬಿ, ಆರುವಾಗ ಕುಗ್ಗಿ, ಅಷ್ಟರಲ್ಲಿ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಮೊದಲ ನಟ್ಟು ಕಿತ್ತು ಕೈಗೇ ಬಂತು. ಕಾಕಾನ ಮುಖ ಅರಳಿತು. ಎರಡನೆಯದು ಕಚ್ಚಿತು. ಹುಡುಗ ಎಣ್ಣೆ ಬಿಟ್ಟು ಪಾನಾ ಹಾಕಿ, ಒಂದೇ ಸಲ ತಿರುವದೆ, ಇಷ್ಟು ಹಿಂದೆ, ಇಷ್ಟು ಮುಂದೆ ಆಡಿಸಿದ. ಸ್ಟಡ್ಡು ಕಿರ್ರೆಂದು ಅತ್ತು ಹೊರಬಂತು.

“ಬೆಸುಗಿ ಹಾಕಬೇಕಂತ ನಾನೂ ಅನಕೊಂಡಿದ್ದೆ. ಹುಡುಗ ತಾನ ಕಲೀಲಿ ಅಂತ ಸುಮ್ನಿದ್ದೆ.”

ಮಜೂರಿ ವಿಷಯದಲ್ಲಿ ಗೌಡರು ಹುಡುಗನ ಜೊತೆ ಬಹಳ ಹೊತ್ತು ಕೊಸರಾಡಿದರು. ಕಾಕಾನ ಚಾ, ಎಲೆ, ಅಡಿಕೆಗಳ ಲೆಕ್ಕ ಮಾತ್ರ ಕೇಳದೇ ಕೊಟ್ಟರು. ಹುಡುಗ ಕೈಯ ಮಸಿಯನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದಾಗ ಕಾರು ಚಾಲೂ ಆಯಿತು. ಮುಂದಿನ ಸೀಟಿನಲ್ಲಿ ಕಾಕಾ. ಹಾದಿಯಲ್ಲಿ ಮತ್ತೆ ಕೆಟ್ಟರೆ ತಿಳಿದವರು ಒಬ್ಬರು ಬೇಕಲ್ಲ?

ಕಲಘಟಗಿಯಲ್ಲಿ ಗೌಡರು ಬಣ್ಣ ಬಣ್ಣದ ತೊಟ್ಟಿಲುಗಳ ನಡುವೆ ಆರಿಸುತ್ತ ನಿಂತರು. ಕಾಕಾ ಒಂದನ್ನು ಮೆಲ್ಲಗೆ ತೂಗಿ, ಕಾಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದರು. ತಲೆತಲಾಂತರದಿಂದ ತೊಟ್ಟಿಲು ಮಾಡಿಕೊಂಡು ಬಂದಿದ್ದ ಬಡಿಗೇರ ಉಸಿರು ಬಿಗಿಹಿಡಿದು ನಿಂತ.

“ತಮ್ಮಾ, ಎಂಜಿನ್ ಸೌಂಡ್ ಸರಿ ಇಲ್ಲ.”